ತಾಯಿದು ಕರಗುವವರೆಗೆ

"ಅಲ್ಲ ಸತ್ಯವತಮ್ಮ, ನಿಮ್ಮ ಸೊಸೆ ತಿಂಗಳಿಡೀ ಹೊರಗೇನಾ?"

ಹಾಲಿನ ಕ್ಯಾನನ್ನು ಮೆಟ್ಟಿಲ ಮೇಲಿಟ್ಟು ವಾರಿಜಕ್ಕ ಹಾಗೆ ಕೇಳಿದಾಗ, ಹಿತ್ತಿಲ ಒಗೆಯುವ ಕಲ್ಲಿನ ಹತ್ತಿರ ಬಗ್ಗಿದ್ದ ಪಂಚಮಿ ಹಾಗೇ ನಿಂತುಬಿಟ್ಟಳು. ಕೈಯಲ್ಲಿ ಮಗುವಿನ ಚಡ್ಡಿ ಇತ್ತು.

ಸತ್ಯವತಮ್ಮ ಮೊಮ್ಮಗನನ್ನು ಸೊಂಟದ ಈ ಪಕ್ಕದಿಂದ ಆ ಪಕ್ಕಕ್ಕೆ ಬದಲಿಸಿಕೊಂಡರು. "ಎಂತ ಮಾಡೋದು ಮಾರಾಯ್ತಿ, ಹೆರಿಗೆ ಆದಮೇಲೆ ಅವಳದ್ದು ಸರಿಯೇ ಆಗಲಿಲ್ಲ. ಶುರುವಾದ್ರೆ ನಿಲ್ಲೋದೇ ಇಲ್ಲ."

"ಮೊನ್ನೆ ಬೆಳಿಗ್ಗೆ ಒಲೆ ಮುಂದೆ ಕೂತು ದೋಸೆ ಹೊಯ್ತಾ ಇದ್ದದ್ದು ಕಂಡೆನಲ್ಲ?"

"ಆಗ ಒಳಗಿದ್ದಳು."

"ಮಧ್ಯಾಹ್ನ ಮಗು ಅಳ್ತಾ ಇತ್ತು, ಎತ್ಕೊಳ್ಳೇ ಅಂದ್ರೆ ಹೊರಗೆ ಅಂದಳು!"

"ಮಧ್ಯಾಹ್ನ ಹೊರಗಾದಳು. ನೀನೆಂತ, ನನ್ನ ಸೊಸೆದು ಪಂಚಾಂಗ ಬರೀತೀಯಾ? ಹಾಲು ಅಳಿ, ಹೊತ್ತಾಯ್ತು."

ವಾರಿಜಕ್ಕ ನಗುತ್ತ ಹಾಲು ಅಳೆದರು. ಹೋಗುವಾಗ ಮಾತ್ರ ಹಿತ್ತಿಲ ಕಡೆ ಒಮ್ಮೆ ಕತ್ತು ಉದ್ದ ಮಾಡಿಯೇ ಹೋದರು. ಪಂಚಮಿ ಚಡ್ಡಿಯನ್ನು ಕಲ್ಲಿಗೆ ಬಡಿಯತೊಡಗಿದಳು.

ಆ ಮನೆಯಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಜಗುಲಿ ಪಕ್ಕದ ಕೋಣೆಯಲ್ಲಿ ಕೂರುವ ಪದ್ಧತಿ ಇನ್ನೂ ಇತ್ತು. ಹಾಗಾಗಿ ಪಂಚಮಿ ಮಗುವನ್ನು ಮುಟ್ಟದೆ ಇರುವುದಕ್ಕೆ ಹೊರಗಿನವರಿಗೆ ಒಂದು ಕಾರಣ ಹೇಳಬೇಕಾಗಿ ಬಂದಾಗ ಸತ್ಯವತಮ್ಮನ ಬಾಯಿಗೆ ಮೊದಲು ಬಂದದ್ದು ಅದೇ ಮಾತು. ಪಂಚಮಿ ಅಡುಗೆಗೆ ಒಳಗೆ, ಪಾತ್ರೆ ತಿಕ್ಕಲು ಒಳಗೆ, ಅರೆಯಲು ರುಬ್ಬಲು ಒಳಗೆ. ತನ್ನ ಮಗುವಿಗೆ ಮಾತ್ರ ಹೊರಗೆ.

ಕಳಸದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಡುಗೆ ಕೃಷ್ಣಯ್ಯನವರ ಮನೆ ಎಂದರೆ ಯಾರಾದರೂ ತೋರಿಸುತ್ತಿದ್ದರು. ಸುತ್ತಲಿನ ಮದುವೆ, ಮುಂಜಿ, ಎಸ್ಟೇಟ್ ಬಂಗಲೆಗಳ ಗೃಹಪ್ರವೇಶ, ಎಲ್ಲಕ್ಕೂ ಅವರ ಕೈಯ ಸಾರೇ ಆಗಬೇಕು. ಮಗ, ಪಂಚಮಿಯ ಗಂಡ ಶ್ರೀಹರಿ ಮೊದಲು ಮಂಗಳೂರಿನಲ್ಲಿ ಲಾರಿ ಓಡಿಸುತ್ತಿದ್ದ. ಮದುವೆಯಾದ ಮೇಲೆ ಊರಿಗೆ ಬಂದು ಹೊರನಾಡಿನ ಯಾತ್ರಿಕರಿಗೆ ಜೀಪು ಓಡಿಸತೊಡಗಿದ. ಅವನ ತಂಗಿ ಗಾನಶ್ರೀ ಬಿ.ಎ. ಮುಗಿಸಿ ಮನೆಯಲ್ಲಿದ್ದಳು, ಗಂಡು ನೋಡುತ್ತಿದ್ದರು.

ಪಂಚಮಿ ಏಳು ತಿಂಗಳ ಬಸುರಿಯಿದ್ದಾಗ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ರಕ್ತ ನೋಡಿ ಎಚ್.ಐ.ವಿ. ಇದೆ ಎಂದರು. ಶ್ರೀಹರಿಗೂ ಇತ್ತು. "ಲಾರಿ ಕಾಲದ್ದು" ಎಂದಷ್ಟೇ ಹೇಳಿ ಅವನು ಆಸ್ಪತ್ರೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತ. ಅಲ್ಲಿನ ಸಲಹೆಗಾರ್ತಿ ಜಹೀರಾ ಮೇಡಂ ಪಂಚಮಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದ್ದರು. ಆಗಿನ ಕ್ರಮದಂತೆ ನೋವು ಶುರುವಾದಾಗ ಒಂದು ಮಾತ್ರೆ, ಹುಟ್ಟಿದ ಮೇಲೆ ಮಗುವಿಗೆ ಔಷಧಿಯ ಹನಿ, ಆಗ ಮಗು ಉಳಿಯುವ ಸಂಭವವೇ ಹೆಚ್ಚು. ಎದೆಹಾಲು ಕುಡಿಸದಿದ್ದರೆ ಇನ್ನೂ ಕ್ಷೇಮ.

ಎದೆಹಾಲು ಕುಡಿಸಲಿಲ್ಲ. ಆದರೆ ಹಾಲಿಗೆ ಅದು ಗೊತ್ತಿರಲಿಲ್ಲ. ಪಕ್ಕದ ಹಾಸಿಗೆಯ ಕೂಸು ಅತ್ತರೂ ಪಂಚಮಿಯ ರವಿಕೆ ನೆನೆಯುತ್ತಿತ್ತು. ತವರಿನಲ್ಲಿ ತಾಯಿ ಇರಲಿಲ್ಲ, ಬಾಣಂತನ ಮಾಡಿದವರು ಸತ್ಯವತಮ್ಮನೇ. ಹಾಲು ಹಿಂಗಲೆಂದು ಮಲ್ಲಿಗೆ ಹೂ ತರಿಸಿ, ಪಂಚೆಯ ಬಟ್ಟೆಯಲ್ಲಿ ಎದೆಗೆ ಒತ್ತಿ ಕಟ್ಟಿದರು. ಕಟ್ಟುವಾಗ ಅವರ ಕಣ್ಣಲ್ಲಿ ನೀರಿತ್ತು. "ಕಾಲ ಕೆಟ್ಟರೆ ಹೂವಿನ ಕೈಯಲ್ಲಿ ಎಂಥ ಕೆಲಸ ಮಾಡಿಸುತ್ತೆ ನೋಡು" ಅಂದಿದ್ದರು. ಹೂ ಬಾಡಿತು, ಹಾಲೂ ಹಿಂಗಿತು. ಮಲ್ಲಿಗೆಯ ವಾಸನೆ ಬಂದರೆ ಪಂಚಮಿಗೆ ಎದೆ ಬಿಗಿಯುವುದು ಮಾತ್ರ ಹೋಗಲಿಲ್ಲ.

ಹಾಗಿದ್ದರೂ ಆ ಮೊದಲ ಎಂಟು ತಿಂಗಳು ಎಷ್ಟು ಚೆನ್ನಾಗಿತ್ತು! ಮಗು ಸುಪ್ರೀತ ಅವಳ ತೊಡೆಯ ಮೇಲೆಯೇ ಮಲಗಿ ಒಳಲೆಯಲ್ಲಿ ವಾರಿಜಕ್ಕನ ಆಕಳ ಹಾಲು ಕುಡಿಯುತ್ತಿದ್ದ. ಕುಡಿಯುತ್ತ ಅವಳ ತಾಳಿಸರ ಹಿಡಿದು ಎಳೆಯುತ್ತಿದ್ದ.

ಆ ಸಲ ಕಾಫಿ ಹೂ ಬಿಟ್ಟ ಮೇಲೆ ಮಗುವಿಗೆ ಜ್ವರ ಬಂತು. ಮೂಡಿಗೆರೆಯ ಡಾಕ್ಟರರ ಹತ್ತಿರ ಒಯ್ದರು. ಅಪ್ಪ ಅಮ್ಮನ ಸಂಗತಿ ಕೇಳಿ ಅವರು ಮಗುವಿನ ರಕ್ತವನ್ನೂ ನೋಡಿಸಿದರು. ಪಾಸಿಟಿವ್ ಎಂದು ಬಂತು. ಜ್ವರ ಎರಡೇ ದಿನಕ್ಕೆ ಇಳಿಯಿತು, ಮನೆ ಮಾತ್ರ ಏಳಲಿಲ್ಲ. ಕೃಷ್ಣಯ್ಯನವರು ಒಂದು ಮದುವೆಯ ಅಡುಗೆ ಬಿಟ್ಟು ಜಗುಲಿಯಲ್ಲಿ ಕೂತರು. ಸತ್ಯವತಮ್ಮ ಒಲೆ ಹಚ್ಚಿ, ಪಾತ್ರೆ ಇಡುವುದು ಮರೆತು, ಉರಿಯನ್ನೇ ನೋಡುತ್ತ ಕೂತರು.

ಆಮೇಲೆ ಅತ್ತೆ ಸೊಸೆ ಮಗುವನ್ನು ಎತ್ತಿಕೊಂಡು ಚಿಕ್ಕಮಗಳೂರಿಗೆ ಹೋದರು. ಜಹೀರಾ ಮೇಡಂ ಚೀಟಿ ನೋಡಿದವರೇ ಅದನ್ನು ಪಕ್ಕಕ್ಕೆ ಸರಿಸಿದರು.

"ಇಷ್ಟು ಬೇಗ ಈ ಪರೀಕ್ಷೆ ಮಾಡಿಸಿದರೆ ಅರ್ಥ ಇಲ್ಲಮ್ಮ. ಇದರಲ್ಲಿ ಕಾಣೋದು ರೋಗದ ವೈರಸ್ ಅಲ್ಲ. ಅದರ ಜೊತೆ ಹೊಡೆದಾಡೋಕೆ ತಾಯಿಯ ರಕ್ತ ತಯಾರು ಮಾಡಿಕೊಂಡಿರುತ್ತಲ್ಲ, ಪ್ರತಿಕಾಯ ಅಂತ, ಅದು ಕಾಣುತ್ತೆ. ಹೊಟ್ಟೆಯಲ್ಲಿರುವಾಗಲೇ ಅದು ಮಗುವಿಗೆ ಬಂದಿರುತ್ತೆ. ಎಲ್ಲ ತಾಯಂದಿರೂ ಮಕ್ಕಳಿಗೆ ಇಂಥದ್ದು ಕೊಟ್ಟೇ ಕಳಿಸ್ತಾರೆ. ದಡಾರದ್ದು, ಮತ್ತೊಂದರದ್ದು. ಇದೂ ಹಾಗೇ."

"ಹಾಗಾದ್ರೆ ಇದು ಮಗುದಲ್ವಾ?" ಸತ್ಯವತಮ್ಮ ಮುಂದಕ್ಕೆ ಬಾಗಿದರು.

"ಮಗುದೋ ತಾಯಿದೋ ಈಗಲೇ ಹೇಳಕ್ಕಾಗಲ್ಲ. ತಾಯಿದಾದ್ರೆ ದಿನ ಹೋದ ಹಾಗೆ ಕರಗುತ್ತೆ. ಒಂದೂವರೆ ವರ್ಷ ತುಂಬಲಿ, ಮತ್ತೆ ನೋಡೋಣ. ಆಗಲೂ ಇದ್ರೆ ಮಗುದು. ಇಲ್ಲದಿದ್ರೆ ಮಗು ಚೊಕ್ಕ."

"ತಾಯಿಯಿಂದ ಬಂದದ್ದು, ಆಮೇಲೆ ಹೋಗುವಂಥದ್ದು. ಹುಟ್ಟುಗೂದಲಿನ ಹಾಗೆ?"

ಜಹೀರಾ ಮೇಡಂಗೆ ನಗು ಬಂತು. ಬಾಗಿಲಲ್ಲಿ ಇನ್ನೂ ಹತ್ತಾರು ಜನ ಕಾಯುತ್ತಿದ್ದರು. "ಹೂಂ ಅಮ್ಮ, ಹಾಗೇ ಅಂದ್ಕೊಳ್ಳಿ."

ಪಂಚಮಿ ಸುಮ್ಮನೆ ಕೇಳುತ್ತಿದ್ದಳು. ತನ್ನ ರಕ್ತ ತನಗೇ ಹೇಳದೆ ಮಗುವಿಗೆ ಬುತ್ತಿ ಕಟ್ಟಿ ಕಳಿಸಿತ್ತು. ಅದು ಉಪಯೋಗಕ್ಕೆ ಬಾರದ ಬುತ್ತಿಯೇ ಇರಬಹುದು. ಆದರೂ ಕಟ್ಟಿತ್ತಲ್ಲ.

ವಾಪಸು ಬರುವಾಗ ಸತ್ಯವತಮ್ಮ ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಮಗುವನ್ನು ಪಂಚಮಿಯ ಮಡಿಲಿಂದ ತಮ್ಮ ಮಡಿಲಿಗೆ ಎತ್ತಿಕೊಂಡರು.

"ಹಾಲು ಬಿಡಿಸುವಾಗ ನಾವೆಂತ ಮಾಡ್ತೇವೆ ಹೇಳು?"

"ತಾಯಿನ ದೂರ ಇಡ್ತೇವೆ ಅತ್ತೆ."

"ಯಾಕೆ? ತಾಯಿ ಮೈ ತಾಗಿದರೆ ಮಗು ಮರೆಯೋದಿಲ್ಲ. ಇದೂ ಹಾಗೇ ಅಲ್ವಾ? ತಾಯಿದು ಕರಗಬೇಕು ಅಂದ್ರಲ್ಲ. ತಾಯಿ ಪಕ್ಕದಲ್ಲೇ ಇದ್ರೆ, ಎತ್ತಿ ಮುದ್ದು ಮಾಡ್ತಾ ಇದ್ರೆ, ಅದು ಎಲ್ಲಿಂದ ಕರಗುತ್ತೆ? ಮತ್ತೆ ಮತ್ತೆ ಊರ್ತಾನೇ ಇರುತ್ತೆ."

ಪಂಚಮಿಗೆ ಹಾಗಲ್ಲ ಎನ್ನಬೇಕೆನಿಸಿತು. ಆದರೆ ಅಲ್ಲ ಎಂದು ತನಗೆ ಹೇಗೆ ಗೊತ್ತು? ತನ್ನ ಕೈ ತಾಗಿಯೇ ಅದು ಕರಗದೆ ಉಳಿದರೆ?

"ಆಯ್ತು ಅತ್ತೆ" ಎಂದಳು.

ಅಂದಿನಿಂದ ಅವಳು ಹೊರಗಾದಳು.

ಸತ್ಯವತಮ್ಮ ಕೆಟ್ಟವರಾಗಿದ್ದರೆ ಪಂಚಮಿಗೆ ಸುಲಭವಾಗುತ್ತಿತ್ತು. ಮಳೆಗಾಲದ ಸಂಜೆಗಳಲ್ಲಿ ಅವರೇ ಅವಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದರು. ಊಟಕ್ಕೆ ಕೂತರೆ ಅವಳ ಅನ್ನದ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಹಾಕುತ್ತಿದ್ದರು. ಒಮ್ಮೆ ಸೌತೆಕಾಯಿ ಹೆಚ್ಚುವಾಗ ಪಂಚಮಿಯ ಬೆರಳು ಕೊಯ್ದು ಅವಳು ಗಾಬರಿಯಿಂದ "ಮುಟ್ಟಬೇಡಿ ಅತ್ತೆ!" ಎಂದರೂ ಕೇಳದೆ ಬಟ್ಟೆ ಸುತ್ತಿದರು.

"ನನಗೆ ಅಂಟೋದಾದ್ರೆ ಅಂಟಲಿ. ನಾನೆಂತ, ಉಂಡುಟ್ಟು ಮುಗಿಸಿದವಳು."

ಅದೇ ಅತ್ತೆ ಮಗು ಅಂಬೆಗಾಲಿಟ್ಟು ಅಡುಗೆಮನೆಯ ಹೊಸಿಲಿಗೆ ಬಂದರೆ ಸಾಕು, "ಹೊರಗೆ ಪುಟ್ಟಾ, ಅವಳು ಹೊರಗೆ" ಎಂದು ಎತ್ತಿ ಒಯ್ಯುತ್ತಿದ್ದರು. ಸ್ನಾನ ಮಾಡಿಸುವುದು ಅವರು. ರಾಗಿ ಸರಿ ಕಾಸಿ ತಿನ್ನಿಸುವುದು ಅವರು. ಮಲಗಿಸುವುದು ಗಾನಶ್ರೀ. ಪಂಚಮಿಗೆ ಸಿಕ್ಕಿದ್ದು ಬಟ್ಟೆ ಒಗೆಯುವುದೊಂದೇ. ಆ ಬಟ್ಟೆಗಳನ್ನು ನೀರಿಗೆ ಹಾಕುವ ಮುಂಚೆ ಒಂದು ಗಳಿಗೆ ಮುಖಕ್ಕೆ ಹಿಡಿದುಕೊಳ್ಳುವುದನ್ನು ಗಾನಶ್ರೀ ಒಂದು ದಿನ ಕಂಡಳು. ಅವಳು ಮಾತು ಕಮ್ಮಿಯ ಹುಡುಗಿ. ಮರುದಿನದಿಂದ ಪಂಚಮಿ ಪಾತ್ರೆ ತಿಕ್ಕಲು ಕೂತ ಹೊತ್ತಿಗೆ ಸರಿಯಾಗಿ ಹಿತ್ತಿಲ ಕಿಟಕಿಯ ಹತ್ತಿರ ಮಗುವನ್ನು ಎತ್ತಿಕೊಂಡು ನಿಲ್ಲತೊಡಗಿದಳು. "ನೋಡೋ ಕಾಗೆ, ನೋಡೋ ಬಾಳೆಗೊನೆ" ಎನ್ನುತ್ತಿದ್ದಳು. ಮಗು ಕಾಗೆಯನ್ನೂ ನೋಡುತ್ತಿರಲಿಲ್ಲ, ಬಾಳೆಗೊನೆಯನ್ನೂ ನೋಡುತ್ತಿರಲಿಲ್ಲ.

ಅವನಿಗೆ ಮಾತು ಬಂತು. ಮನೆಯವರೆಲ್ಲ ಅಮ್ಮ ಎನ್ನುವುದು ಸತ್ಯವತಮ್ಮನನ್ನು. ಹಾಗಾಗಿ ಅವನಿಗೂ ಅವರೇ ಅಮ್ಮ. ಗಾನಶ್ರೀ 'ಗಾನಿ'. ಕೃಷ್ಣಯ್ಯನವರು 'ಅಜ್ಜ'. ಪಂಚಮಿಯನ್ನು ಕಂಡರೆ ಅವನು ಕೈ ಚಾಚಿ, ಹಲ್ಲು ಬಿಟ್ಟು ಕೂಗುತ್ತಿದ್ದ:

"ಹೊಗ್ಗೆ!"

ಮೊದಲ ಸಲ ಅದು ಯಾರಿಗೂ ಅರ್ಥವಾಗಲಿಲ್ಲ. ಶ್ರೀಹರಿ ನಕ್ಕ. "ಎಂತದಾ ಅದು, ಹೊಗೆಸೊಪ್ಪಾ?"

"ಹೊಗ್ಗೆ!" ಮಗು ಮತ್ತೆ ಪಂಚಮಿಯ ಕಡೆ ಬೆರಳು ತೋರಿಸಿತು.

ಗಾನಶ್ರೀಗೆ ಹೊಳೆಯಿತು. "ಹೊರಗೆ ಅಂತಿದ್ದಾನೆ. ಅತ್ತಿಗೆ ಹೆಸರು ಅದೇ ಅಂದ್ಕೊಂಡಿದ್ದಾನೆ."

ಶ್ರೀಹರಿ ನಗುವುದನ್ನು ನಿಲ್ಲಿಸಿದ. ಸತ್ಯವತಮ್ಮ ಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತಲಿಲ್ಲ. ಪಂಚಮಿ ಒಳಗೆ ಹೋಗಿ ಸಾರಿಗೆ ಉಪ್ಪು ಹಾಕಿದಳು. ಆಮೇಲೆ ಇನ್ನೊಂದು ಸಲ ಹಾಕಿದಳು. ಆ ದಿನದ ಸಾರನ್ನು ಎಲ್ಲರೂ ಆಡಿಕೊಳ್ಳದೆ ಉಂಡರು, ಸಾರಿಗೆ ಹೆಸರಾದ ಕೃಷ್ಣಯ್ಯನವರೂ ಸಹ.

ಹೆಜ್ಜೆ ಬಂದ ಮೇಲೆ ಇನ್ನೂ ಕಷ್ಟವಾಯಿತು. ನಡುಮನೆಯಲ್ಲಿ ಎದುರಿಗೆ ಸಿಕ್ಕಿದರೆ ಅವನು ಎರಡೂ ಕೈ ಮುಂದೆ ಮಾಡಿ ತೂರಾಡುತ್ತ ಅವಳತ್ತಲೇ ಬರುತ್ತಿದ್ದ. "ಬೇಡ ಪುಟ್ಟಾ, ಅಲ್ಲೇ ಇರು" ಎನ್ನುತ್ತ ಅವಳು ಒಂದು ಹೆಜ್ಜೆ ಹಿಂದೆ ಹೋಗುತ್ತಿದ್ದಳು. ಅವನು ಇನ್ನೊಂದು ಹೆಜ್ಜೆ ಬಂದರೆ ಅವಳು ಇನ್ನೊಂದು ಹಿಂದೆ. ಹೀಗೆ ಹಿಂದೆ ಹಿಂದೆ ಹೋಗಿ ಬೆನ್ನು ಗೋಡೆಗೆ ತಾಗುವ ಹೊತ್ತಿಗೆ ಯಾರಾದರೂ ಬಂದು ಎತ್ತಿಕೊಳ್ಳುತ್ತಿದ್ದರು. ಅವನಿಗೆ ಅದೊಂದು ಆಟವೆನಿಸಿತು. ಹೊಗ್ಗೆ ಎಂದರೆ ಹತ್ತಿರ ಹೋದಂತೆ ಹಿಂದೆ ಹೋಗುವವಳು. ಕಂಡ ತಕ್ಷಣ ಕೇಕೆ ಹಾಕಿ, "ಹೊಗ್ಗೆ, ಹೋಗು! ಹೋಗು!" ಎಂದು ಅಟ್ಟುತ್ತಿದ್ದ. ಅವನ ನಗು ಕೇಳಲೆಂದೇ ಅವಳು ಹಿಂದೆ ಹೋಗುತ್ತಿದ್ದಳು. ಹಿಂದೆ ಹೋಗುತ್ತ ತಾನೂ ನಗುತ್ತಿದ್ದಳು. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಳ್ಳುತ್ತಿದ್ದಳು.

ಕಾಫಿ ಹಣ್ಣಾಗಿ ಕೊಯ್ಲು ಶುರುವಾದ ದಿನಗಳಲ್ಲಿ ಒಂದು ಮಧ್ಯಾಹ್ನ ಸತ್ಯವತಮ್ಮ ಯಾರದೋ ಮನೆಯ ಸೀಮಂತಕ್ಕೆ ಹೋಗಿದ್ದರು. ಮಗು ನಡುಮನೆಯ ಚಾಪೆಯ ಮೇಲೆ ಮಲಗಿತ್ತು. ಗಾನಶ್ರೀ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅತ್ತಿಗೆ, ಒಣಗಿದ ಬಟ್ಟೆ ತರ್ತೇನೆ."

"ಹೂಂ."

"ಬಟ್ಟೆ ಜಾಸ್ತಿ ಇದೆ. ತಡ ಆಗಬಹುದು."

ತಂತಿಯ ಮೇಲೆ ಎರಡು ಟವೆಲ್ ಬಿಟ್ಟರೆ ಏನೂ ಇರಲಿಲ್ಲ. ಪಂಚಮಿಗೂ ಅದು ಗೊತ್ತಿತ್ತು. ಗಾನಶ್ರೀ ಹಿತ್ತಿಲ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು ಹೋದಳು.

ಪಂಚಮಿ ಕೈ ಒರೆಸಿಕೊಂಡು ಚಾಪೆಯ ಹತ್ತಿರ ಕೂತಳು. ಎಷ್ಟೋ ಹೊತ್ತು ಬರೇ ನೋಡಿದಳು. ಮೇಲ್ದುಟಿಯ ಮೇಲೆ ಬೆವರಿನ ಸಣ್ಣ ಮಣಿಗಳು. ಜವಳ ಮಾಡಿಸಿರಲಿಲ್ಲವಾದ್ದರಿಂದ ಹುಟ್ಟುಗೂದಲು ಕತ್ತಿನವರೆಗೆ ಸುರುಳಿ ಸುರುಳಿಯಾಗಿ ಇಳಿದಿತ್ತು. ಅವಳು ಬಗ್ಗಿದಳು. ನೆತ್ತಿಯ ಮೇಲೆ ಮೂಗಿಟ್ಟಳು. ತೆಂಗಿನೆಣ್ಣೆ, ಹಾಲು, ನಿದ್ದೆ. ಒಂದು ಸುರುಳಿ ಅವಳ ಬೆರಳಿಗೆ ತಾನಾಗಿ ಸುತ್ತಿಕೊಂಡಿತು. ಬಿಡಿಸಿಕೊಳ್ಳಲು ಮನಸ್ಸಾಗದೆ ಹಾಗೇ ಕೂತಳು. ಹಿತ್ತಿಲಲ್ಲಿ ಗಾನಶ್ರೀ ಕೆಮ್ಮಿದಾಗ ಎದ್ದು ಒಲೆಯ ಮುಂದೆ ಹೋಗಿ ನಿಂತಳು.

ಮಾರನೆಯ ದಿನ ಮಗುವಿಗೆ ನೆಗಡಿಯಾಯಿತು. ಆಮೇಲೆ ಹೊಟ್ಟೆ ಕೆಟ್ಟಿತು. "ಹಲ್ಲು ಬರ್ತಾ ಇದೆ" ಎಂದು ಸತ್ಯವತಮ್ಮ ಬಜೆ ತೇಯ್ದು ನೆಕ್ಕಿಸಿದರು. ಪಂಚಮಿಗೆ ಅನ್ನ ಸೇರಲಿಲ್ಲ. ತಾನೇ ಮಾಡಿದ್ದು. ಕರಗುತ್ತ ಬಂದದ್ದನ್ನು ತನ್ನ ಒಂದು ಗಳಿಗೆಯ ಆಸೆ ಮತ್ತೆ ಊರುವಂತೆ ಮಾಡಿತು.

ಅವಳ ರಕ್ತ ನೋಡಿಸುವ ಸರದಿ ಬಂದಾಗ ಒಬ್ಬಳೇ ಚಿಕ್ಕಮಗಳೂರಿಗೆ ಹೋದಳು. ಅವಳಿಗೆ ಇನ್ನೂ ಮಾತ್ರೆ ಬೇಡ, ರಕ್ತದ ಲೆಕ್ಕ ಚೆನ್ನಾಗಿದೆ ಎಂದರು ಜಹೀರಾ ಮೇಡಂ. ಅವಳು ಏಳಲಿಲ್ಲ.

"ಏನಮ್ಮ?"

"ತಾಯಿ ಮುಟ್ಟಿದರೆ... ಅದು ಕರಗೋದು ತಡ ಆಗುತ್ತಾ ಮೇಡಂ?"

"ಯಾವುದು?"

"ನನ್ನದು. ಮಗುವಿನ ಮೈಯಲ್ಲಿರೋ ನನ್ನದು."

ಜಹೀರಾ ಮೇಡಂ ಪೆನ್ನು ಕೆಳಗಿಟ್ಟರು. "ಯಾರು ಹೇಳಿದ್ದು ಹಾಗಂತ? ಎತ್ತಿಕೊಳ್ಳಿ, ಮುದ್ದು ಮಾಡಿ, ಪಕ್ಕದಲ್ಲಿ ಮಲಗಿಸಿಕೊಳ್ಳಿ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹುಟ್ಟುವಾಗ ಎಷ್ಟು ಬಂತೋ ಅಷ್ಟೇ, ಆಮೇಲೆ ನಿಮ್ಮಿಂದ ಒಂದು ಹನಿಯೂ ಹೋಗಲ್ಲ. ಅದರ ಪಾಡಿಗೆ ಅದು ಕರಗುತ್ತೆ."

ಪಂಚಮಿ ಬಸ್ಸಿನಲ್ಲಿ ಆ ಮಾತನ್ನು ಬಾಯಿಪಾಠ ಮಾಡುತ್ತ ಬಂದಳು.

ಅವತ್ತು ಕೃಷ್ಣಯ್ಯನವರು ಎಸ್ಟೇಟಿನ ಮದುವೆಯೊಂದರಿಂದ ಹೋಳಿಗೆ ತಂದಿದ್ದರು. ಎಲ್ಲರೂ ಊಟಕ್ಕೆ ಕೂತಿದ್ದರು. ಮಗು ಶ್ರೀಹರಿಯ ತೊಡೆಯ ಮೇಲೆ. ಅವನು ತನ್ನ ಎಲೆಯಿಂದಲೇ ಹೋಳಿಗೆಯ ಚೂರು ಮುರಿದು ತುಪ್ಪಕ್ಕೆ ಅದ್ದಿ ತಿನ್ನಿಸುತ್ತಿದ್ದ. ಬಡಿಸುತ್ತಿದ್ದ ಪಂಚಮಿ ಅದನ್ನು ನೋಡುತ್ತ ನಿಂತಳು.

"ಮುಟ್ಟಿದರೆ ಏನೂ ಆಗಲ್ಲವಂತೆ ಅತ್ತೆ. ಕೇಳಿ ಬಂದೆ."

ಮಜ್ಜಿಗೆ ಬಿಡುತ್ತಿದ್ದ ಸತ್ಯವತಮ್ಮನ ಸೌಟು ನಿಂತಿತು. "ನೀನಾಗಿ ಕೇಳಿದೆಯಾ?"

"ಕೇಳಿದೆ. ಎತ್ತಿಕೊಳ್ಳಿ ಅಂದರು. ನನ್ನಿಂದ ಒಂದು ಹನಿಯೂ ಹೋಗಲ್ಲವಂತೆ."

"ತಾಯಿ ಹೋಗಿ ಹಾಗೆ ಕೇಳಿದರೆ ಅವರಾದರೂ ಮತ್ತೆಂತ ಹೇಳ್ತಾರೆ? ನಿನ್ನ ಮುಖ ನೋಡಿ ಹೂಂ ಅಂದಿರ್ತಾರೆ."

"ಅಮ್ಮ, ಅವರು ತಿಳಿದವರು..." ಶ್ರೀಹರಿ ಬಾಯಿ ಹಾಕಿದ.

"ನೀನು ಸುಮ್ನೆ ಉಣ್ಣು."

"ಇವರು ಎತ್ತಿಕೊಳ್ಳಬಹುದು, ಅಲ್ವಾ ಅತ್ತೆ?" ಪಂಚಮಿ ಬಡಿಸುವ ಪಾತ್ರೆ ಕೆಳಗಿಟ್ಟಳು. "ಇದನ್ನು ಮನೆಗೆ ತಂದವರು ತೊಡೆ ಮೇಲೆ ಕೂರಿಸಿಕೊಂಡು ತಿನ್ನಿಸಬಹುದು. ಹೆತ್ತವಳು ಗೋಡೆ ಹಿಡಿದು ನಿಲ್ಲಬೇಕು."

ಶ್ರೀಹರಿಯ ಕೈಯ ಹೋಳಿಗೆ ಎಲೆಗೆ ಬಿತ್ತು. ಮಗು "ಇನ್ನು" ಎಂದು ಬಾಯಿ ತೆರೆದೇ ಇತ್ತು.

"ಅವರು ತಾಯಿದು ಅಂದ್ರು" ಎಂದರು ಸತ್ಯವತಮ್ಮ. "ತಂದೆದು ಅಂದಿದ್ದರೆ ಇವನನ್ನೂ ಹೊರಗೆ ಹಾಕ್ತಿದ್ದೆ. ಹೆತ್ತ ಮಗ ಅಂತ ನೋಡ್ತಿರಲಿಲ್ಲ."

"ಸದ್ದು ಕಮ್ಮಿ ಮಾಡಿ" ಎಂದರು ಕೃಷ್ಣಯ್ಯನವರು ಬಾಗಿಲ ಕಡೆ ನೋಡಿ. "ವಾರಿಜನ ಕಿವಿ ಗೋಡೆಗೇ ಅಂಟಿಕೊಂಡಿರುತ್ತೆ. ನಾಳೆ ನನ್ನ ಕೈಯ ಸಾರು ಯಾರು ಉಣ್ತಾರೆ? ಈ ಹುಡುಗಿಯನ್ನು ಯಾರು ತಗೊಂಡು ಹೋಗ್ತಾರೆ?"

"ನನ್ನ ಹೆಸರು ಹೇಳಬೇಡಿ ಅಪ್ಪಯ್ಯ." ಗಾನಶ್ರೀಯ ಮಾತು ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ನನಗೋಸ್ಕರ ಅಂತ ಅತ್ತಿಗೆಗೆ ಹೀಗೆ ಮಾಡೋದಾದ್ರೆ ನನಗೆ ಮದುವೆಯೇ ಬೇಡ."

"ನಿನಗೋಸ್ಕರ ಅಲ್ಲ ಕಣೇ!" ಸತ್ಯವತಮ್ಮ ಮಜ್ಜಿಗೆಯ ಪಾತ್ರೆಯನ್ನು ಕುಕ್ಕಿದರು. ಆಮೇಲೆ ಅಲ್ಲೇ ಕೂತುಬಿಟ್ಟರು. "ಇವನು, ಇವಳು... ಇಬ್ಬರೂ ಎಷ್ಟು ದಿನವೋ ನನಗೆ ಗೊತ್ತಿಲ್ಲ. ಯಾರೂ ಹೇಳೋದಿಲ್ಲ. ಇದೊಂದಾದರೂ ನನಗೆ ಉಳೀಬೇಕಲ್ಲ. ನಾನು ಹೇಳಿದ್ದು ಸುಳ್ಳೇ ಇರಬಹುದು ಪಂಚಮಿ. ಆದರೆ ನಿಜ ಇದ್ದರೆ? ಪುಷ್ಯ ಕಳೆದರೆ ಮಾಘ, ಒಂದೂವರೆ ವರ್ಷ ತುಂಬುತ್ತೆ, ಅಷ್ಟೇ. ಇಷ್ಟು ತಡೆದವಳು ಅಷ್ಟು ತಡೆಯೋದಿಲ್ವಾ?"

ಯಾರೂ ಉಣ್ಣಲಿಲ್ಲ. ಪಂಚಮಿ ಬಾಯಿಪಾಠ ಮಾಡಿಕೊಂಡು ಬಂದ ಮಾತೆಲ್ಲ ಅವಳ ಬಾಯಲ್ಲೇ ಇತ್ತು. ನಿಜ ಇದ್ದರೆ? ಎಂಬ ಎರಡು ಶಬ್ದದ ಮುಂದೆ ಅದು ನಿಲ್ಲಲಿಲ್ಲ.

"ತಡೀತೇನೆ ಅತ್ತೆ" ಎಂದಳು.

ಮಾಘ ಬಂತು. ಅಕಾಲದಲ್ಲಿ ಒಂದು ಮಳೆ ಬಿದ್ದು, ಕೆಲವು ತೋಟಗಳಲ್ಲಿ ಕಾಫಿ ಹೂ ಮೊದಲೇ ಅರಳಿತ್ತು. ಅತ್ತೆ ಸೊಸೆ ಬೆಳಗಿನ ಬಸ್ಸು ಹತ್ತಿದರು. ಮಗು ಅತ್ತೆಯ ಮಡಿಲಲ್ಲಿ, ಪಂಚಮಿ ಹಿಂದಿನ ಸೀಟಿನಲ್ಲಿ. ಅವನು ಹೆಗಲ ಮೇಲಿಂದ ಇಣುಕಿ "ಹೊಗ್ಗೆ" ಎಂದು ಅಡಗಿಕೊಳ್ಳುತ್ತಿದ್ದ.

ಆಸ್ಪತ್ರೆಯಲ್ಲಿ ರಕ್ತ ತೆಗೆದಾಗ ಅತ್ತ. ಆಮೇಲೆ ಬಿಸ್ಕೆಟ್ ತಿಂದು ಮರೆತ. ಅವರಿಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತು ಕಾದರು. ಸತ್ಯವತಮ್ಮನ ತುಟಿ ಅಲುಗುತ್ತಿತ್ತು. ಪಂಚಮಿಗೆ ಯಾವ ದೇವರ ಹೆಸರೂ ನೆನಪಾಗಲಿಲ್ಲ. ಬೆರಳಿಗೆ ಸುತ್ತಿಕೊಂಡಿದ್ದ ಆ ಸುರುಳಿಯೊಂದೇ ನೆನಪಾಗುತ್ತಿತ್ತು.

ಜಹೀರಾ ಮೇಡಂ ಕರೆದರು. ಕೂರುವ ಮೊದಲೇ ಹೇಳಿಬಿಟ್ಟರು. "ನೆಗೆಟಿವ್. ಏನೂ ಇಲ್ಲ. ತಾಯಿದು ಪೂರ್ತಿ ಕರಗಿ ಹೋಗಿದೆ."

ಸತ್ಯವತಮ್ಮ ಮಗುವನ್ನು ಅಪ್ಪಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟರು. ಬಾಗಿಲಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಅತ್ತರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದರು.

"ಇನ್ನು ಇವಳು ಮುಟ್ಟಬಹುದಾ ಮೇಡಂ?"

"ಅಂದ್ರೆ?" ಜಹೀರಾ ಮೇಡಂ ಒಬ್ಬರಾದ ಮೇಲೊಬ್ಬರ ಮುಖ ನೋಡಿದರು. "ನಾನು ಹೇಳಿ ಕಳಿಸಿದ್ದೆನಲ್ಲ. ಇಷ್ಟು ದಿನ ಮುಟ್ಟಿಲ್ವಾ?"

ಪಂಚಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

"ಮುಟ್ಟಿದ್ದರೂ... ಹೋಗ್ತಿತ್ತಾ?" ಸತ್ಯವತಮ್ಮನ ದನಿ ತಗ್ಗಿತು.

"ಹೋಗ್ತಿತ್ತಮ್ಮ."

ಸತ್ಯವತಮ್ಮ ತಲೆಯಾಡಿಸಿದರು. ಹೊರಗೆ ಬಂದ ಮೇಲೆ, ಮೆಟ್ಟಿಲಿಳಿಯುವಾಗ, ಅವರು ಗೋಡೆ ಹಿಡಿದು ಇಳಿದರು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಪಂಚಮಿಗೆ ಖುಷಿಯಾಗಿತ್ತು, ಎಷ್ಟು ಖುಷಿ ಎಂದರೆ ಅದನ್ನು ಎಲ್ಲಿಡಬೇಕೋ ತಿಳಿಯದಷ್ಟು. ಆದರೂ ಒಳಗೆಲ್ಲೋ ಏನೋ ಖಾಲಿಯಾಗಿತ್ತು. ಬುತ್ತಿ ಮುಗಿದಿತ್ತು. ಹಾಲು ಕೊಟ್ಟಿರಲಿಲ್ಲ, ಮಡಿಲು ಕೊಟ್ಟದ್ದು ಅರ್ಧ, ಅಮ್ಮ ಎಂಬ ಹೆಸರೂ ಅವಳದಾಗಿರಲಿಲ್ಲ. ಅವನ ಮೈಯಲ್ಲಿ ಅವಳದೆಂದು ಇದ್ದದ್ದು ಅದೊಂದೇ. ಅದು ಹೋಗಲೆಂದು ಹಗಲೂ ರಾತ್ರಿ ಹಾರೈಸಿದವಳೂ ಅವಳೇ.

ಮೂಡಿಗೆರೆ ದಾಟಿದ ಮೇಲೆ ಕಿಟಕಿಯಿಂದ ಕಾಫಿ ಹೂವಿನ ವಾಸನೆ ಬಂತು, ಥೇಟು ಮಲ್ಲಿಗೆಯದೇ. ಅವಳ ಎದೆ ಬಿಗಿಯಿತು.

ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಸತ್ಯವತಮ್ಮ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದರು. "ತಗೊ. ಇಲ್ಲೇ ಕಿತ್ತುಕೊಂಡಿದ್ದೆ."

ಪಂಚಮಿ ಕೈ ಚಾಚಿದಳು. ಮಗು ಅವಳ ಕೈ ನೋಡಿತು, ಮುಖ ನೋಡಿತು. ಹೊಗ್ಗೆ ಹತ್ತಿರ ಬರುವವಳಲ್ಲ. ಕಿಟಾರನೆ ಕಿರುಚಿ "ಅಮ್ಮಾ!" ಎಂದು ಅಜ್ಜಿಯ ಕತ್ತನ್ನು ತಬ್ಬಿಕೊಂಡಿತು. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಬಿಡಿ ಅತ್ತೆ" ಎಂದಳು ಪಂಚಮಿ, ಚಾಚಿದ ಕೈಯನ್ನು ಸೆರಗಿನೊಳಗೆ ಸರಿಸಿಕೊಳ್ಳುತ್ತ. "ನಿದ್ದೆ ಬಂದಿರಬೇಕು."

ಮಗು ನಿದ್ದೆಹೋದ ಮೇಲೆ ಸತ್ಯವತಮ್ಮ ಎಂದರು: "ಗುರುವಾರಕ್ಕೆ ಜವಳ ಮಾಡಿಸೋಣ ಅಂತಿದ್ದೆ. ಎಲ್ಲ ಒಟ್ಟಿಗೆ ಹೋಗಲಿ ಅಂತ ಕಾದಿದ್ದು."

ಪಂಚಮಿ ಮಲಗಿದ ಮಗುವಿನ ತಲೆಯನ್ನೇ ನೋಡುತ್ತಿದ್ದಳು. "ಕೂದಲು ಈಗಲೇ ಬೇಡ ಅತ್ತೆ."

"ಯಾಕೆ?"

"ಅದೂ ನನ್ನ ಹೊಟ್ಟೆಯಿಂದಲೇ ತಂದದ್ದು ಅಲ್ವಾ."

ಸತ್ಯವತಮ್ಮ ಕಿಟಕಿಯಾಚೆ ನೋಡಿದರು. ಅವರ ಕೈ ಮೆಲ್ಲಗೆ ಮಗುವಿನ ಸುರುಳಿಗಳನ್ನು ಹಿಂದಕ್ಕೆ ಸರಿಸಿತು. "ಮೂರನೇ ವರ್ಷಕ್ಕೆ ಮಾಡಿದರೂ ನಡೆಯುತ್ತೆ" ಎಂದರು. "ಕೇಳಿದವರಿಗೆ ಹರಕೆ ಅಂದರಾಯ್ತು."

ಮಾರನೆಯ ಬೆಳಿಗ್ಗೆ ಮೆಟ್ಟಿಲ ಮೇಲೆ ಕ್ಯಾನಿನ ಸದ್ದಾಯಿತು.

"ಎಂತ ಸತ್ಯವತಮ್ಮ, ಸೊಸೆ ಇವತ್ತೂ ಹೊರಗೇನಾ?"

"ಇಲ್ಲ ಮಾರಾಯ್ತಿ, ಒಳಗಾದಳು. ಹಾಲು ಒಂದು ಪಾವು ಜಾಸ್ತಿ ಅಳಿ. ಪಾಯಸ ಮಾಡಬೇಕು."

ನಡುಮನೆಯಲ್ಲಿ ಪಂಚಮಿ ನೆಲ ಒರೆಸಿ ಎದ್ದಿದ್ದಳಷ್ಟೇ. ಎದುರಿಗೆ ಮಗು. ಕಂಡವನೇ ಕೇಕೆ ಹಾಕಿದ. ಎರಡೂ ಕೈ ಮುಂದೆ ಮಾಡಿ, "ಹೊಗ್ಗೆ, ಹೋಗು!" ಎನ್ನುತ್ತ ದಡಬಡ ಬಂದ.

ಅವಳ ಕಾಲು ಅಭ್ಯಾಸಬಲದಿಂದ ಹಿಂದೆ ಹೋಗಲು ಎದ್ದಿತು. ಅವಳು ಅದನ್ನು ಅಲ್ಲೇ ಊರಿದಳು.

ಮಗು ಒಂದು ಮಾರು ದೂರದಲ್ಲಿ ತಟ್ಟನೆ ನಿಂತಿತು. ಆಟ ಕೆಟ್ಟಿತ್ತು. ಹುಬ್ಬು ಗಂಟಿಕ್ಕಿ ಅವಳ ಕಾಲು ನೋಡಿತು. "ಹೋಗು" ಎಂದಿತು. ಅವಳು ಹೋಗಲಿಲ್ಲ. ಇನ್ನೂ ಸ್ವಲ್ಪ ಹತ್ತಿರ ಬಂದು, ಸಿಟ್ಟಿನಿಂದ "ಹೋಗು!" ಎಂದಿತು. ಅಡುಗೆಮನೆಯ ಬಾಗಿಲಲ್ಲಿ ಸತ್ಯವತಮ್ಮ ಹಾಲಿನ ಪಾತ್ರೆ ಹಿಡಿದು ನಿಂತಿದ್ದರು, ಅವರ ಹಿಂದೆ ಗಾನಶ್ರೀ. ಯಾರೂ ಎತ್ತಿಕೊಳ್ಳಲು ಬರಲಿಲ್ಲ.

ಕೊನೆಗೆ ಅವನು ಪೂರ್ತಿ ಹತ್ತಿರ ಬಂದ. ಎರಡೂ ಪುಟ್ಟ ಅಂಗೈಗಳನ್ನು ಅವಳ ಮೊಣಕಾಲಿಗೆ ಒತ್ತಿ, ಮುಖ ಕೆಂಪಾಗುವಂತೆ ಬಲ ಹಾಕಿ, ಅವಳನ್ನು ಹಿಂದಕ್ಕೆ ತಳ್ಳತೊಡಗಿದ.

ಅಂಗೈ ಬೆಚ್ಚಗಿತ್ತು. ಸ್ವಲ್ಪ ಒದ್ದೆಯಾಗಿತ್ತು.

"ತಳ್ಳು" ಎಂದಳು ಪಂಚಮಿ. "ಇನ್ನೂ ತಳ್ಳು ಮಗಾ."